ಚಿಂತಾಮಣಿ ದಾರಿಯ ಹಳದಿ ದೀಪ

ಶಿಡ್ಲಘಟ್ಟದ ಮನೆಯಿಂದ ಚಿಂತಾಮಣಿಯ ಶಾಲೆಗೆ ಪಾಠ ಹೇಳಲು ಹೋಗಿಬರುವ ನನಗೆ ಬಸ್ಸು ಸಾಕುಬೇಕಾಗಿ ಹೋಗಿತ್ತು. ಒಂಟಿ ಕಾಲಲ್ಲಿ ನಿಂತು, ಪಕ್ಕದವರ ಬುಟ್ಟಿಗೆ ಸೀರೆ ಸಿಕ್ಕಿಸಿಕೊಂಡು, ಪ್ರಾರ್ಥನೆ ಮುಗಿದ ಮೇಲೆ ಗೇಟು ದಾಟುವ ಬಾಳು ಅದು. ಮನೆಯಲ್ಲಿದ್ದ ಹಳೇ ಡೀಸೆಲ್ ಕಾರು ಸುಮ್ಮನೆ ನಿಂತಿರುತ್ತಿತ್ತು. ನನ್ನ ಗಂಡನಿಗೆ ರೇಷ್ಮೆ ನೂಲಿನ ಅಂಗಡಿ. ಊರೊಳಗೆ ಓಡಾಡಲು ಸ್ಕೂಟರ್ ಸಾಕು. ಹೋದ ವರ್ಷ ಡ್ರೈವಿಂಗ್ ಕಲಿತು ಕಾರನ್ನು ನಾನೇ ತೆಗೆದೆ.

ಅವರು ಬೇಡ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳಕ್ಕೆ ಮುಗಿಯುತ್ತಿತ್ತು. ಮೊದಲ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇನೆಂದಾಗ, "ನಿಂಬೆಹಣ್ಣೇನು ಬ್ರೇಕ್ ಹಾಕತ್ತಾ?" ಎಂದು ನಕ್ಕರು. ದೇವರು ದಿಂಡರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಮನೆಮಂದಿಯೆಲ್ಲ ಕೈವಾರದ ಗುಡಿಗೆ ಹೋದರೂ ಹೊರಗೆ ಟೀ ಅಂಗಡಿಯಲ್ಲಿ ಕೂರುವ ಆಸಾಮಿ. ಆಯಿಲ್ ನೋಡ್ತೀನಿ ಅಂತ ಬಾನೆಟ್ ಎತ್ತಿ ಇಳಿಸಿ, ಗೇಟಿನ ಹತ್ತಿರ ನಿಂತು, "ಕ್ಲಚ್ ಮೇಲಿಂದ ಕಾಲು ತೆಗಿ ತಾಯಿ. ತಲುಪಿದ ತಕ್ಷಣ ಫೋನ್ ಮಾಡು" ಎಂದರು. ದಿನವೂ ಇದೇ ಮಂತ್ರ. ನಾನೇನು ಎಳೇ ಮಗುವೇ? ಎರಡು ಪೀರಿಯಡ್ ಮುಗಿಸಿ, ನೆನಪಾದಾಗ ಮಾಡುತ್ತಿದ್ದೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಏರುದಾರಿಯಲ್ಲಿ ಕಾರು ಸೋತುಹೋಯಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಮುಲುಗುತ್ತದೆಯೇ ಹೊರತು ಮುಂದಕ್ಕೆ ನುಗ್ಗದು. ಎದುರಿಗೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಟೊಮೆಟೊ ತುಂಬಿದ ಟೆಂಪೋ ನನ್ನನ್ನು ಹಿಂದೆ ಹಾಕಿತು. ಅದರ ಬೆನ್ನಿಗೆ ಒಂದು ಟ್ರ್ಯಾಕ್ಟರು ಕೂಡ, ದರಿದ್ರದ್ದು, ಹಾರ್ನ್ ಬೇರೆ ಹೊಡೆದುಕೊಂಡು.

ಸಂಜೆ ಮನೆಯಲ್ಲಿ ತೀರ್ಪು ತಯಾರಾಗಿತ್ತು.

"ಕ್ಲಚ್ ಸುಟ್ಟಾಕಿದೀಯ. ನಾನ್ ಹೇಳ್ಲಿಲ್ವಾ?"

"ಕ್ಲಚ್ಚಿಗೂ ಆ ಲೈಟಿಗೂ ಏನ್ರೀ ಸಂಬಂಧ?"

"ಸರ್ಲೇ, ಬಿಡು. ನಿನಗ್ಯಾರು ಹೇಳ್ತಾರೆ."

ತೆಲುಗಿನ ಈ 'ಸರ್ಲೇ' ಅವರ ಬಾಯಲ್ಲಿ ಬಂದರೆ ಅಲ್ಲಿಗೆ ಮಾತು ಮುಗಿಯಿತು ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನಿಂದಲೇ ಕೆಟ್ಟಿದ್ದು ಅಂತ ಮೆಕ್ಯಾನಿಕ್ ಹೇಳ್ಲಿ, ಕೀ ನಿಮ್ಮ ಕೈಗಿಟ್ಟು ಮತ್ತೆ ಬಸ್ ಹತ್ತೀನಿ" ಅಂದುಬಿಟ್ಟೆ. ಅವರು "ಆಗ್ಲಿ" ಅಂದರು. ಅನ್ನಕ್ಕಿಡುವಾಗ ಆ ಬಸ್ಸು ನೆನಪಾಗಿ ಅಕ್ಕಿಯ ಅಳತೆಯೇ ತಪ್ಪಿತು.

ಚಿಂತಾಮಣಿಯ ಮೆಕ್ಯಾನಿಕ್ ಭಾಯ್ ಸ್ಕ್ಯಾನರ್ ಚುಚ್ಚಿ ನೋಡಿದರು. ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲವಂತೆ. ಏರ್ ಫಿಲ್ಟರ್ ಬದಲಾಯಿಸಿ, ಸೆನ್ಸರ್ ಒರೆಸಿ, ದೀಪ ಆರಿಸಿ ಕಳಿಸಿದರು. ಮರುದಿನ ಅದೇ ಏರಿನಲ್ಲಿ ದೀಪ ಮತ್ತೆ ಹತ್ತಿತು.

ಭಾನುವಾರ ನಮ್ಮ ಮನೆಯವರೂ ಜೊತೆಗೆ ಬಂದರು. ಗ್ಯಾರೇಜಿನಲ್ಲಿ ಇಳಿದವರೇ, "ಮೊದಲು ಕ್ಲಚ್ ನೋಡಪ್ಪ" ಎಂದರು.

"ಕ್ಲಚ್ ಹೋಗಿದ್ರೆ ಇಂಜಿನ್ ಕಿರುಚ್ತಿತ್ತು ಸಾರ್, ಗಾಡಿ ಓಡ್ತಿರಲಿಲ್ಲ. ಇಲ್ಲಿ ಇಂಜಿನ್ನೇ ಏಳ್ತಿಲ್ಲ" ಎಂದರು ಭಾಯ್. ಅಷ್ಟು ಕೇಳಿದ್ದೇ ಕೀಚೈನನ್ನು ಮುಷ್ಟಿಯಲ್ಲಿ ಭದ್ರ ಮಾಡಿಕೊಂಡೆ.

ಭಾಯ್ ಈ ಸಲ ಫಿಲ್ಟರ್ ಡಬ್ಬಿಗೆ ಹೊರಗಿನ ಗಾಳಿ ತರುವ ಕರಿ ಪೈಪನ್ನು ಕಳಚಿಟ್ಟು, ನನ್ನನ್ನೂ ಕೂರಿಸಿಕೊಂಡು ಅಂಬಾಜಿದುರ್ಗದ ಬೆಟ್ಟದ ಕಡೆ ಹೋದರು. ಕಾರು ಏರನ್ನು ಸಲೀಸಾಗಿ ಹತ್ತಿತು. "ಅರೆ, ಈ ಪೈಪಲ್ಲೇ ಏನೋ ಕೂತಿದೆ ಮೇಡಂ. ಇಲಿ ಇರ್ಬೋದು" ಎಂದರು.

ವಾಪಸು ಬಂದು ಪೈಪನ್ನು ಕುಟ್ಟಿದರೆ ಏನೂ ಉದುರಲಿಲ್ಲ. ಕೊಕ್ಕೆ ಮಾಡಿದ ತಂತಿ ತೂರಿಸಿ ಎಳೆದರು. ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಅರಿಶಿನದ ಬಟ್ಟೆಯ ಗಂಟೊಂದು ಬಂತು. ಬಿಚ್ಚಿದರೆ ಮಂತ್ರಾಕ್ಷತೆ, ಒಂದು ಅರಿಶಿನದ ಕೊಂಬು. ಬಾಯಿಗೆ ಕಟ್ಟಿದ್ದು ಹಸಿ ರೇಷ್ಮೆ ನೂಲು. ಅಂಗಡಿಯಲ್ಲಿ ನೂಲಿನ ಲಡಿಗೆ ಹಾಕುವ ಆ ಗಂಟು ನಮ್ಮ ಮನೆಯಲ್ಲಿ ಒಬ್ಬರಿಗೇ ಬರುವುದು.

"ಇದೇನ್ರೀ?"

ಅವರು ಗೋಡೆಗೆ ಒರಗಿಸಿದ್ದ ಹಳೇ ಟೈರುಗಳನ್ನು ನೋಡುತ್ತಿದ್ದರು. ಭಾಯ್ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದರು.

"ಮೊದಲ್ನೇ ದಿನ ಬಾನೆಟ್ ಎತ್ತಿದಾಗ ಇಟ್ಟಿದ್ದು. ಖಾಲಿ ತೂತು ಅನ್ಕೊಂಡೆ. ಅದೆಲ್ಲೋ ಒಳಗೆ ಜಾರಿದೆ. ಕಾಣೋ ಜಾಗದಲ್ಲಿಟ್ರೆ ನೀನು ನಗ್ತಿದ್ದೆ."

"ಕೈವಾರದ್ದಾ?"

"ಹೂಂ." ಒಂದು ಟೈರನ್ನು ಕಾಲಿನಿಂದ ಒತ್ತುತ್ತಾ ಹೇಳಿದರು: "ನಿನ್ನ ಫೋನ್ ಬರೋಗಂಟ ಷಟರ್ ಎತ್ತಕ್ಕೆ ಮನಸ್ಸೇ ಬರಲ್ಲ ಕಣೇ. ಎದುರುಗಡೆ ಎಳನೀರಿನವನ ಹತ್ರ ಕೂತಿರ್ತೀನಿ."

ಬೈಯಲು ಒಂದು ಗಾಡಿ ಮಾತು ಕೂಡಿಹಾಕಿಕೊಂಡಿದ್ದೆ. ಅಯ್ಯೋ ಪಾಪ ಅನ್ನಿಸಿತು, ಸಿಟ್ಟೂ ಬಂತು. ಗಂಟನ್ನು ಮತ್ತೆ ಕಟ್ಟಿಕೊಡಲು ಅವರ ಕೈಗೇ ಕೊಟ್ಟೆ. ಅದನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟು ನಾನೇ ಕಾರು ಓಡಿಸಿದೆ. ಊರು ಬರುವವರೆಗೂ ಅವರು ಕ್ಲಚ್ಚಿನ ಸುದ್ದಿ ಎತ್ತಲಿಲ್ಲ.

ಮರುದಿನ ಏರಿನಲ್ಲಿ ದೀಪ ಹತ್ತಲಿಲ್ಲ. ಶಾಲೆಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಇಳಿಯುವ ಮೊದಲೇ ಫೋನ್ ಮಾಡಿದೆ. ಒಂದು ರಿಂಗೂ ಪೂರ್ತಿಯಾಗಲಿಲ್ಲ.

"ತಲುಪ್ದೆ ಕಣ್ರೀ."

"ಸರ್ಲೇ" ಅಂದರು. ಫೋನ್ ಇಡುವುದನ್ನು ಮರೆತರು. ರಸ್ತೆ ದಾಟುವ ಚಪ್ಪಲಿ ಸದ್ದು, ಬೀಗ ತೆಗೆದ ಸದ್ದು, ಆಮೇಲೆ ಅಂಗಡಿಯ ಷಟರ್ ಗಡಗಡ ಮೇಲೇರಿದ್ದು ಕೇಳಿಸಿತು.