ಎದುರು ಪಕ್ಷದ ವಕೀಲರು

ಅವರ ಕರಿ ಕೋಟಿನ ಬಲತೋಳಿನ ತುದಿಯಲ್ಲಿ ಯಾವಾಗಲೂ ಉಪ್ಪಿನ ಬಿಳಿ ಗೆರೆಯೊಂದು ಇರುತ್ತಿತ್ತು. ಹೊಳೆಯಾಚೆಯ ಮನೆಯಿಂದ ಕುಂದಾಪುರದ ಕೋರ್ಟಿಗೆ ದಿನಾ ದೋಣಿಯಲ್ಲಿ ಬರುತ್ತಿದ್ದರು. ದೋಣಿಯ ಅಂಚಿನಲ್ಲಿ ಕೂತು ಕೈಯನ್ನು ನೀರಿಗೆ ಇಳಿಬಿಡುವುದು ಅವರ ಚಟ. ಐವತ್ತು ದಾಟಿದ ಮನುಷ್ಯ, ಮದ್ರಾಸ್ ಶಾಸನಸಭೆಯ ಸದಸ್ಯರು, ತಲೆಯ ಮೇಲೆ ಜರಿಯಂಚಿನ ಮುಂಡಾಸು, ಕೆಳಗೆ ಕಚ್ಚೆಪಂಚೆ. ಇಷ್ಟೆಲ್ಲ ಗಾಂಭೀರ್ಯದ ಪಕ್ಕದಲ್ಲಿ ಒದ್ದೆಯಾದ ಒಂದು ತೋಳು. ಹೀಗೇಕೆ ಎಂದು ಒಮ್ಮೆ ಕೇಳಿದ್ದೆ. "ಭರ್ತವೋ ಇಳ್ತವೋ ಕಾಂತಿದ್ದೆ ಮಾರಾಯ್ರೆ" ಅಂದರು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ದಡದ ಕೆಸರು ನೋಡಿದರೇ ತಿಳಿಯುತ್ತದೆ, ಅದಕ್ಕೆ ಕೋಟು ಯಾಕೆ ಹಾಳು ಮಾಡಿಕೊಳ್ಳಬೇಕು ಎಂಬುದು ನನಗೆ ಕೊನೆಗೂ ತಿಳಿಯಲಿಲ್ಲ.

ನಾನು ಅವರ ಶಿಷ್ಯನಲ್ಲ, ನೆಂಟನೂ ಅಲ್ಲ. ಯುದ್ಧದ ವರ್ಷಗಳಲ್ಲಿ ಮದ್ರಾಸಿನಲ್ಲಿ ಲಾ ಓದಿ ಬಸ್ರೂರಿಗೆ ಮರಳಿ, ಕುಂದಾಪುರದ ಮುನ್ಸೀಫ್ ಕೋರ್ಟಿನಲ್ಲಿ ಬೋರ್ಡು ಹಾಕಿದವನು. ಹತ್ತು ಕೇಸಿನಲ್ಲಿ ಎಂಟಕ್ಕೆ ಅವರೇ ನನ್ನ ಎದುರು ಪಕ್ಷ. ಆ ಎಂಟರಲ್ಲಿ ಏಳನ್ನು ನಾನು ಸೋಲುತ್ತಿದ್ದೆ. ಇವರು ಹೇಗೆ ಗೆಲ್ಲುತ್ತಾರೆ ಎಂದು ತಿಳಿಯುವ ಹುಚ್ಚು ನನಗೆ ಹತ್ತಿದ್ದು ಹಾಗೆ.

ಅವರಲ್ಲಿ ದೊಡ್ಡ ಪುಸ್ತಕಗಳೇನೂ ಇರಲಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ಕಕ್ಷಿಗಾರ ಬಂದು ಕೂತರೆ ಕಾಗದಪತ್ರ ಮುಟ್ಟುತ್ತಲೇ ಇರಲಿಲ್ಲ. ಮೊದಲ ಪ್ರಶ್ನೆ ಒಂದೇ: "ನೀವ್ ನೀರ್ ಸೇದೂದ್ ಯಾರ ಬಾವಿದ್?" ನಮ್ಮದೇ ಬಾವಿ ಎಂದರೆ ಒಂದು ಕತೆ. ದಾಯಾದಿಯ ಬಾವಿ, ಈಗ ಹೋಗುತ್ತಿಲ್ಲ ಎಂದರೆ ಇನ್ನೊಂದು. ಯಾರೊಡನೆ ಮಾತು ನಿಂತಿದೆ, ಯಾವಾಗಿನಿಂದ, ಯಾವ ಹೆಂಗಸಿನ ಕೊಡ ಯಾರು ತಳ್ಳಿದರು ಎಂಬುದೆಲ್ಲ ಆ ಬಾವಿಯಿಂದಲೇ ಮೇಲೆ ಬರುತ್ತಿತ್ತು. "ಜಗ್ಳ ಕೋರ್ಟಿಗ್ ಬಪ್ಪುಕಿಂತ ಮುಂಚೆ ಬಾವಿಕಟ್ಟೆಗ್ ಬತ್ತ್" ಎನ್ನುತ್ತಿದ್ದರು. ನಾನೂ ಕದ್ದು ಅದನ್ನೇ ಪ್ರಯೋಗಿಸಿದೆ. ನನ್ನ ಕಕ್ಷಿಗಾರರು ಬಾವಿಯ ನೀರು ಸಿಹಿಯೋ ಸಪ್ಪೆಯೋ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಕೇಳುವುದಕ್ಕೂ ಒಂದು ಕೈಗುಣ ಬೇಕು.

ಶಾಸಕರಾಗಿ ಅವರು ಏನು ಮಾಡಿದರು ಎಂದು ಕೇಳಿದರೆ ಹೇಳುವುದು ಕಷ್ಟ. ಯುದ್ಧಕ್ಕೆ ಮುಂಚಿನ ಚುನಾವಣೆಯಲ್ಲಿ ಗೆದ್ದು ಎರಡು ವರ್ಷ ಮಂಗಳೂರಿನಿಂದ ರೈಲು ಹತ್ತಿ ಓಡಾಡಿದರು. ಆಮೇಲೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಸಭೆ ಸೇರುವುದೇ ನಿಂತುಹೋಯಿತು. ಸಭೆ ಇಲ್ಲದಿದ್ದರೂ ಸದಸ್ಯತ್ವ ಉಳಿದ ವಿಚಿತ್ರ ಕಾಲ ಅದು. ಅಲ್ಲಿ ಏನು ನಡೆಯುತ್ತಿತ್ತು ಎಂದರೆ, "ಮಾತಾಡುಕೂ ಗಂಟೆ, ನಿಲ್ಸುಕೂ ಗಂಟೆ. ನಡೂ ತಮಿಳ್ ತೆಲುಗು. ನಾ ಒಂದ್ ಸಲ ಎದ್ದ್ ನಿಂತೆ, ನಮ್ ಕಡವಿನ ದೋಣಿ ಸೋರ್ತ್ ಅಂದೆ, ಕೂಕಂಡೆ" ಎನ್ನುತ್ತಿದ್ದರು. ಆದರೆ ಜನ ಬಿಡಬೇಕಲ್ಲ. ಉಪ್ಪುಂದದ ಒಬ್ಬರು ಬಂದು, ಅಳಿಯ ಮಗಳನ್ನು ಕರೆದುಕೊಂಡು ಹೋಗುವ ಹಾಗೆ ಮದ್ರಾಸಿನಲ್ಲಿ ಒಂದು ಕಾನೂನು ಮಾಡಿಸಿಕೊಡಿ ಎಂದು ಪಟ್ಟು ಹಿಡಿದಿದ್ದರು. ಇವರು ನಗದೆ ಎಲ್ಲ ಬರೆದುಕೊಂಡರು. ಮುಂದಿನ ವಾರ ತಾವೇ ಹೋಗಿ ಅಳಿಯನ ಮನೆಯಲ್ಲಿ ಊಟ ಮಾಡಿ ಬಂದರಂತೆ. ಮಗಳು ಗಂಡನ ಮನೆಗೆ ಹೋದಳು. ಮದ್ರಾಸ್ ಸರಕಾರಕ್ಕೆ ಒಳ್ಳೆಯ ಹೆಸರು ಬಂತು.

ಇನ್ನು ಗುಲ್ವಾಡಿಯ ಕೇಸಿಗೆ ಬರುತ್ತೇನೆ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಗುಲ್ವಾಡಿಯಲ್ಲಿ ಹೊಳೆಯ ಪಕ್ಕ ಒಂದು ತುಂಡು ಗದ್ದೆ, ಮೂಲೆಯಲ್ಲಿ ಒಂದು ಹುಲ್ಲಿನ ಮನೆ. ಅದರಲ್ಲಿ ಗಂಡ ತೀರಿಕೊಂಡ ಹೆಂಗಸೊಬ್ಬಳು ಎರಡು ಮಕ್ಕಳೊಡನೆ ಇದ್ದಳು. ಅದು ಮೂಲಗೇಣಿ, ಅಂದರೆ ಒಕ್ಕಲನ್ನು ಎಬ್ಬಿಸಲಾಗದ ಕಾಯಂ ಗೇಣಿ. ಗದ್ದೆಯ ಒಡೆಯರಾದ ಧಣಿಗಳ ತಂದೆಯೇ ತನ್ನ ಮಾವನಿಗೆ ಬರೆದುಕೊಟ್ಟದ್ದು ಎಂದು ಅವಳು ಹೇಳುತ್ತಿದ್ದಳು. ಪತ್ರ ನೆರೆಯಲ್ಲಿ ಹೋಗಿತ್ತು. ಅಂಥ ಪತ್ರವೇ ಇರಲಿಲ್ಲ, ಏಳಬೇಕು ಎಂದು ಧಣಿಗಳು ದಾವೆ ಹಾಕಿದ್ದರು. ಧಣಿಗಳ ಪರ ಅವರು, ಇವಳ ಪರ ನಾನು. ಸೋತರೆ ಅವಳಿಗೆ ತಲೆಯ ಮೇಲೆ ಸೂರಿರಲಿಲ್ಲ.

ನನಗಿದ್ದ ಸಾಕ್ಷಿ ಆ ಪತ್ರ ಕಂಡಿದ್ದ ನೆರೆಕರೆಯ ಇಬ್ಬರು ಮುದುಕರು. ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಕಿವಿ ಮಂದ. ಇದು ಸಾಲದು ಎಂದು ನನಗೆ ದಿಗಿಲಾಯಿತು. ಆಗ ಕಾನೂನಿನಲ್ಲಿ ಒಂದು ದಾರಿಯಿತ್ತು: ಒಂದು ಪಕ್ಷ ದೇವಸ್ಥಾನದಲ್ಲಿ ಆಣೆ ಮಾಡಿ ಹೇಳಿದರೆ ಅದಕ್ಕೆ ಬದ್ಧ ಎಂದು ಇನ್ನೊಂದು ಪಕ್ಷ ಒಪ್ಪಬಹುದು. ವಿಚಾರಣೆಯ ನಡುವೆ ನಾನು ಎದ್ದು, ನನ್ನ ಕಕ್ಷಿಗಾರ್ತಿ ದೇವರೆದುರು ಆಣೆ ಮಾಡಲು ಸಿದ್ಧಳಿದ್ದಾಳೆ, ಎದುರು ಪಕ್ಷ ಒಪ್ಪುತ್ತದೆಯೇ ಎಂದು ಎದೆಯುಬ್ಬಿಸಿ ಕೇಳಿಬಿಟ್ಟೆ. ನಿಜ ಹೇಳುವವಳಿಗೆ ಆಣೆಗೇನು ಭಯ ಎಂಬುದು ನನ್ನ ಲೆಕ್ಕಾಚಾರ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಹಿಂದಿನ ಬೆಂಚಿನಲ್ಲಿದ್ದ ಧಣಿಗಳು ಆಗಲಿ ಎಂದು ಕೂಡಲೇ ತಲೆಯಾಡಿಸಿದರು. ಅಷ್ಟು ಬೇಗ ಯಾಕೆ ಒಪ್ಪಿದರು ಎಂದು ನಾನು ಯೋಚಿಸಬೇಕಿತ್ತು. ಎದುರು ವಕೀಲರು ನನ್ನ ಕಡೆ ಬಾಗಿ ಮೆಲ್ಲನೆ, "ಹ್ವಾಯ್, ಅವ್ಳ್ ಹತ್ರ ಕೇಂಡ್ರ್ಯಾ?" ಅಂದರು. ನನ್ನನ್ನು ಹೆದರಿಸುತ್ತಿದ್ದಾರೆ ಎಂದುಕೊಂಡು ಮುಖ ತಿರುಗಿಸಿದೆ.

ಮುನ್ಸೀಫರು ತಂಜಾವೂರಿನ ಕಡೆಯವರು, ಹೊಸಬರು. ಅವಳನ್ನು ಕರೆದು ದುಭಾಷಿಯ ಮೂಲಕ ಕೇಳಿದರು. ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

"ನಾ ಸುಳ್ ಹೇಳ್ತಿಲ್ಲೆ. ಇಲ್ಲೇ ನಿಂತ್ ನೂರ್ ಸಲ ಬೇಕಾರೂ ಹೇಳ್ತೆ. ಆರೆ ದೇವ್ರೆದ್ರ್ ಆಣೆ ಹಾಕೂದಿಲ್ಲೆ. ನೆಲಕ್ಕೋಸ್ಕರ ದೇವ್ರನ್ನ ಸಾಕ್ಷಿಗ್ ಕರೂಕಾಗ. ಎರಡ್ ಸಣ್ ಮಕ್ಳಿದ್ದೊ ನಂಗೆ."

ನನ್ನ ಸ್ವಂತ ಅಜ್ಜಿ ಹೀಗೇ ಹೆದರುತ್ತಿದ್ದವಳು. ಸತ್ಯವೇ ಆದರೂ ಆಸ್ತಿಗಾಗಿ ಆಣೆ ಹಾಕಿದರೆ ಅದು ಮಕ್ಕಳಿಗೆ ತಟ್ಟುತ್ತದೆ ಎಂಬುದು ಆ ಮನೆಯಲ್ಲೇ ಬೆಳೆದ ನನಗೆ ಗೊತ್ತಿರಲಿಲ್ಲವೇ? ಮದ್ರಾಸಿನಲ್ಲಿ ಓದುವಾಗ ಅಜ್ಜಿ ಮರೆತುಹೋಗಿದ್ದಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಇವಳು ನಿರಾಕರಿಸುತ್ತಿರುವುದು ಸುಳ್ಳು ಹೊರಬೀಳುತ್ತದೆ ಎಂಬ ಹೆದರಿಕೆಯಿಂದಲ್ಲವೇ ಎಂದು ಮುನ್ಸೀಫರು ಎದುರು ವಕೀಲರನ್ನು ಕೇಳಿದರು.

ಅದು ಕೋರ್ಟು ತೀರ್ಮಾನಿಸಬೇಕಾದ ವಿಷಯ ಎಂದು ಹೇಳಿ ಕೂತಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಕೇಸೂ ಅವರದ್ದೇ ಆಗುತ್ತಿತ್ತು. ಅವರು ಎದ್ದು ಮುಂಡಾಸು ಸರಿಮಾಡಿಕೊಂಡರು. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ಈ ತಾಲೂಕಿನಲ್ಲಿ ಹಾಗೆ ಅರ್ಥ ಮಾಡಲು ಬರುವುದಿಲ್ಲ ಎಂದರು. ಸುಳ್ಳು ಹೇಳುವವರು ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದದ್ದನ್ನು ಕಂಡಿದ್ದೇನೆ. ನಿಜ ಹೇಳುವವರು ಆಣೆಗೆ ಅಂಜಿ ಬಂಗಾರದಂಥ ಭೂಮಿ ಬಿಟ್ಟದ್ದನ್ನೂ ಕಂಡಿದ್ದೇನೆ. ನಿರಾಕರಿಸಿದವರು ಕೊಡುವ ಕಾರಣವನ್ನು ಬರೆದುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ, ಅವಳ ಮಾತಿನಲ್ಲೇ ಬರೆದುಕೊಳ್ಳಬೇಕು. ಇಷ್ಟು ಹೇಳಿ ಕೂತರು. ಆ ಕಲಮು ನಾನೂ ಓದಿದ್ದೆ. ಕೇಳಬೇಕಾದ ಹೊತ್ತಿಗೆ ನನಗದು ನೆನಪಾಗಲಿಲ್ಲ.

ಆ ಸಂಜೆಯೇ ಧಣಿಗಳು ಅವರಿಂದ ಕೇಸು ಕಿತ್ತುಕೊಂಡರು. ಮಂಗಳೂರಿನಿಂದ ಬೇರೆ ವಕೀಲರು ಬಂದು ಜೋರಾಗಿ ವಾದಿಸಿದರು. ಆದರೂ ಮುನ್ಸೀಫರು ಅವಳ ನಿರಾಕರಣೆಯನ್ನು ತಪ್ಪೆಂದು ಎಣಿಸದೆ ನನ್ನ ಇಬ್ಬರು ಮುದುಕರನ್ನು ನಂಬಿದರು, ಗದ್ದೆ ಅವಳಿಗೆ ಉಳಿಯಿತು.

ಕಕ್ಷಿಗಾರನಿಗೆ ಮಾಡಿದ ದ್ರೋಹ ಇದು ಎಂದು ವಕೀಲರ ಬಾರಿನಲ್ಲಿ ಕೆಲವರು ಅಂದರು. ನನಗೂ ಆ ಸಂಶಯ ಬಹಳ ಕಾಲ ಇತ್ತು. ಒಂದು ದಿನ ಬೇಕೆಂದೇ ಅವರ ದೋಣಿ ಹತ್ತಿ ಪಕ್ಕದಲ್ಲಿ ಕೂತು ಕೇಳಿದೆ.

"ನೀವ್ ಹಾಂಗ್ ಹೇಳಿದ್ದ್ ಎಂತಕ್ಕೆ?"

"ಮುನ್ಸೀಫ್ರ್ ಕೇಂಡ್ರ್. ನಂಗ್ ಗೊತ್ತಿತ್ತ್" ಅಂದರು. ಕೈ ನೀರಿನಲ್ಲೇ ಇತ್ತು. "ಧಣಿಗಳ ಹತ್ರ ಫೀಸ್ ತಕಂಡದ್ದ್ ವಾದ ಮಾಡುಕೆ. ಗೊತ್ತಿದ್ದದ್ನ ಗೊತ್ತಿಲ್ಲೆ ಅಂಬುಕಲ್ಲ."

"ತಪ್ಪ್ ಮಾಡಿದ್ದ್ ನಾನ್."

"ಹೌದ್" ಅಂದರು, ಅಷ್ಟೆ. ಸಮಾಧಾನದ ಮಾತು ಬರಬಹುದೆಂದು ಕಾದೆ. ದೋಣಿ ದಡ ಮುಟ್ಟಿತು.

ಯುದ್ಧ ಮುಗಿದು ಚುನಾವಣೆ ಬಂದಾಗ ಟಿಕೆಟ್ ಅವರಿಗೆ ಸಿಗಲಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಧಣಿಗಳ ಮಾತು ನಡೆಯುತ್ತಿತ್ತು. ಟಿಕೆಟ್ ಧಣಿಗಳ ಭಾವಮೈದುನನ ಪಾಲಾಯಿತು. ಇತ್ತ ಈ ವಕೀಲರ ದೊಡ್ಡ ಆಫೀಸು ಸಣ್ಣದಾಯಿತು. ಅತ್ತ ನನ್ನ ಆಫೀಸಿನ ಜಗಲಿಯಲ್ಲಿ ಜನ ಹಿಡಿಸಲಾರದಾಯಿತು. ಧಣಿಗಳನ್ನು ಸೋಲಿಸಿದ ವಕೀಲ, ಶಾಸಕರನ್ನೇ ಮಣ್ಣು ಮುಕ್ಕಿಸಿದವ ಎಂದು ನನಗೆ ಹೆಸರು ಬಂದಿತ್ತು. ಯಾರೋ ಅವರ ಎದುರಿಗೇ ಹಾಗೆ ಅಂದಾಗ, "ಹೌದ್ ಹೌದ್, ಚಂದ ಮಾಡಿ ಬೀಳ್ಸಿರ್" ಎಂದು ನಕ್ಕರಂತೆ. ಅವರಿಗೆ ಮದ್ರಾಸಿನ ಆಸೆ ಇರಲಿಲ್ಲವೇ? ಇತ್ತು. ಸಭೆ ಮತ್ತೆ ಸೇರಿದ ದಿನ ಪೇಪರನ್ನು ಮೂರು ಸಲ ಓದಿದರು ಎಂದು ಅವರ ಹೆಂಡತಿಯೇ ನನಗೆ ಹೇಳಿದ್ದಾರೆ. ಆದರೆ ಆಣೆಯ ಆ ತಪ್ಪು ಯಾರದ್ದೆಂದು ಅವರ ಬಾಯಿಂದ ಒಂದು ಮಾತು ಹೊರಬರಲಿಲ್ಲ. ನಾನೂ ಹೇಳಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ಅವರು ತೀರಿಕೊಂಡರು. ವಾಡಿಕೆಯಂತೆ ಕೋರ್ಟಿನಲ್ಲಿ ಸಂತಾಪ ಸಭೆ ನಡೆಯಿತು. ಬಾರಿನ ಪರವಾಗಿ ಮಾತನಾಡುವುದು ನನ್ನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ನಾನೂ ದೊಡ್ಡ ವಕೀಲ. ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದೆ. ಅವರ ಲೋಕಾನುಭವ, ಶಾಸನಸಭೆಯ ಸೇವೆ, ಸೌಜನ್ಯ, ಎಲ್ಲ ಬಂತು. ಹಿರಿಯರು ಕೈಕುಲುಕಿದರು.

ಹೊರಗೆ ಬಂದರೆ ಜಗಲಿಯ ಕಂಬದ ಹತ್ತಿರ ಆ ಹೆಂಗಸು ನಿಂತಿದ್ದಳು. ಸುದ್ದಿ ತಿಳಿದು ಗುಲ್ವಾಡಿಯಿಂದ ಮಳೆಯಲ್ಲೇ ಬಂದಿದ್ದಳು. ಮಾತೆಲ್ಲ ಕೇಳಿದೆಯಾ ಎಂದೆ.

"ಕೇಂಡೆ ಒಡೆಯಾ. ಇಂಗ್ಲೀಷ್ ನಂಗ್ ತಿಳೂದಿಲ್ಲೆ" ಅಂದಳು. ಒದ್ದೆ ಸೆರಗು ಹಿಂಡುತ್ತ, "ಆರೆ ಗುಲ್ವಾಡಿ ಅಂಬ ಹೆಸ್ರ್ ಬತ್ತಾ ಕಾಂಬ ಅಂದ್ಕಂಡ್ ಕಿವಿ ಕೊಟ್ಟ್ ಕೇಂಡೆ. ಒಂದ್ ಸಲವೂ ಬರ್ಲಿಲ್ಲೆ ಅಲ್ದಾ?"

ಬರಲಿಲ್ಲ ಎಂದೆ. ಮಕ್ಕಳು ಕಾಯುತ್ತಿರುತ್ತಾರೆ ಎಂದು ಹೇಳಿ ಮಳೆಗಿಳಿದು ಹೋದಳು.