ಬ್ಯಾಡ ಅನ್ನಬೇಕಾಗಿದ್ದವಳು

ಸಾಲ ಕೊಡುವ ಸಂಘಗಳು ನಮ್ಮ ಕಡೆ ಓಣಿಗೊಂದಿವೆ. ಸಾಲ ತೀರಿಸುವುದಕ್ಕೆಂದೇ ಕೂಡಿಕೊಂಡ ಸಂಘ ನಮ್ಮದೊಂದೇ ಇರಬೇಕು. ಅದಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಇದ್ದವರು ನಾಲ್ಕೇ ಜನ: ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಾನು, ಸಿಂದಗಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳು, ಇಂಡಿ ಊರಿನ ಒಬ್ಬ ಬಸ್ ಕಂಡಕ್ಟರ್, ಬಸವನ ಬಾಗೇವಾಡಿಯ ಒಬ್ಬ ನಿವೃತ್ತ ಮಾಸ್ತರರು.

ನಾವು ಒಬ್ಬರನ್ನೊಬ್ಬರು ಮೊದಲು ನೋಡಿದ್ದು ವಿಜಯಪುರದ ಲೋಕ ಅದಾಲತ್‌ನಲ್ಲಿ. ಕಂತು ಕಟ್ಟದೆ ಉಳಿದವರನ್ನೆಲ್ಲ ಕರೆಸಿ ರಾಜಿ ಮಾಡಿಸುವ ದಿನ ಅದು. ಯಾರಾದರೂ ಗುರುತಿನವರು ಕಂಡಾರೆಂದು ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ವರಾಂಡದ ಬೆಂಚಿನ ತುದಿಗೆ ಕೂತಿದ್ದೆ. ಪಕ್ಕದಲ್ಲಿದ್ದ ಮಾಸ್ತರರು ಗಟ್ಟಿಯಾಗಿಯೇ ಕೇಳಿದರು.

"ಯಾವೂರವಾ ತಂಗಿ? ಎಷ್ಟು ಉಳದೈತಿ?"

ಈ ಸಲ ಜೋಳ ಎಷ್ಟು ಚೀಲ ಆದವು ಎಂದು ಕೇಳಿದಷ್ಟು ಸಲೀಸಾಗಿತ್ತು ಆ ಪ್ರಶ್ನೆ. ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಅದೇ ಬೆಂಚಿನ ಮೇಲಿದ್ದ ಸಿಂದಗಿಯ ಹೆಣ್ಣುಮಗಳು ತನ್ನ ನೀರಿನ ಬಾಟಲಿ ಕೊಟ್ಟಳು. ಎದುರಿಗೆ ನಿಂತಿದ್ದ ಕಂಡಕ್ಟರ್ ಹೋಗಿ ನಾಲ್ಕು ಕಪ್ ಚಹಾ ತಂದ. ನಮ್ಮ ಸಂಘ ಹುಟ್ಟಿದ್ದು ಹಾಗೆ.

ಅವರ ಸಾಲಗಳಿಗೆ ಹೇಳಿಕೊಳ್ಳುವಂಥ ಕಾರಣಗಳಿದ್ದವು. ಮಾಸ್ತರರು ಜೊತೆಯವನೊಬ್ಬನಿಗೆ ಜಾಮೀನು ಬಿದ್ದಿದ್ದರು, ಅವನು ಕೈಯೆತ್ತಿದ್ದ. ಸಿಂದಗಿಯವಳು ಗಂಡನ ಕಿಡ್ನಿ ಕಾಯಿಲೆಗೆ ಸಾಲ ಮಾಡಿದ್ದಳು. ಗಂಡ ಉಳಿಯಲಿಲ್ಲ, ಸಾಲ ಉಳಿಯಿತು. ಕಂಡಕ್ಟರನದು ಮೊಬೈಲಿನ ರಮ್ಮಿ. ಅವನು ಅದನ್ನು ಮುಚ್ಚಿಡದೆ, "ಕೈಚಟ ರೀ, ಮತ್ತೇನಿಲ್ಲ" ಎಂದು ಒಪ್ಪಿಕೊಳ್ಳುತ್ತಿದ್ದ. ನನ್ನದಕ್ಕೆ ಏನನ್ನಲಿ? ತಿಂಗಳಿಗೆ ಸರಿಯಾಗಿ ಪಗಾರ ಬರುತ್ತಿತ್ತು. ಅದನ್ನು ನಂಬಿ ದೊಡ್ಡ ಫ್ರಿಜ್ ತಂದೆ, ಸೋಫಾ ತಂದೆ. ಮೈದುನನ ಮದುವೆಯಲ್ಲಿ ನೆಗೆಣ್ಣಿಯರ ಎದುರು ಕಡಿಮೆಯಾಗಬಾರದೆಂದು ಎಲ್ಲರಿಗೂ ಇಳಕಲ್ ಸೀರೆ ಉಡಿಸಿದೆ. ಒಂದು ಕಡೆಯ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತೆಗೆದೆ. ಗಂಡನಿಗೆ ಅರ್ಧ ಮಾತ್ರ ಹೇಳಿದ್ದೆ.

ತಿಂಗಳಿಗೊಂದು ಭಾನುವಾರ ಬಾಗೇವಾಡಿಯ ಮಾಸ್ತರರ ಮನೆಯಲ್ಲಿ ಸೇರುತ್ತಿದ್ದೆವು. ಹೋಟೆಲಿಗೆ ಹೋಗುವಂತಿಲ್ಲ; ನಾವು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರೆ, ಮಾಸ್ತರರ ಹೆಂಡತಿ ಅನ್ನ ಸಾರು ಮಾಡಿಟ್ಟಿರುತ್ತಿದ್ದರು. ಆ ತಿಂಗಳ ಕಂತು ಕಟ್ಟಿದೆನೋ ಇಲ್ಲವೋ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಕಟ್ಟಿದ್ದರೆ ಕಂಡಕ್ಟರ್ ಜೇಬಿನಿಂದ ಸೀಟಿ ತೆಗೆದು ಬಸ್ ಬಿಡುವಾಗಿನ ಹಾಗೆ ಊದುತ್ತಿದ್ದ. ನಗು ಬರುತ್ತಿತ್ತು. ಆದರೆ ಆ ಸೀಟಿಗಾಗಿ ನಾನು ಎಷ್ಟೋ ಸಲ ಪೇಟೆಯಲ್ಲಿ ಅಂಗಡಿ ಮೆಟ್ಟಿಲು ಹತ್ತದೆ ತಿರುಗಿ ಬಂದಿದ್ದೇನೆ. ನಮ್ಮೊಳಗೆ ಯಾರೂ ಯಾರಿಗೂ ರೊಕ್ಕ ಕೊಡಬಾರದು, ಜಾಮೀನು ಬೀಳಬಾರದು ಎಂದು ನಾನೇ ಹಟ ಹಿಡಿದು ಮಾಡಿಸಿದ್ದೆ. ಇನ್ನೊಂದು ಮಾತು ಮಾಸ್ತರರದು. ಏನಾದರೂ ದೊಡ್ಡದು ಕೊಳ್ಳುವ ಮನಸ್ಸಾದರೆ, ಹೊಸ ಸಾಲದ ಯೋಚನೆ ಬಂದರೆ, ಮೊದಲು ನಿನ್ನ ಜೋಡಿಗೆ ಫೋನ್ ಹಚ್ಚಬೇಕು. ಜೋಡಿಯವರು ಬ್ಯಾಡ ಅನ್ನಬೇಕು. ಮಾಸ್ತರರಿಗೆ ಕಂಡಕ್ಟರ್ ಜೋಡಿ, ನನಗೆ ಸಿಂದಗಿಯವಳು ಜೋಡಿ.

ಅವಳಿಗೆ ನಾನು ಎಷ್ಟು ಸಲ ಫೋನ್ ಮಾಡಿದ್ದೇನೋ. ಒಮ್ಮೆ ಮಿಕ್ಸರ್ ಅಂಗಡಿಯಲ್ಲಿ ನಿಂತೇ ಮಾಡಿದ್ದೆ.

"ಹಳೇದು ತಿರಗತೈತಿಲ್ರಿ ಅಕ್ಕಾರ?" ಎಂದಳು.

"ತಿರಗತೈತಿ. ಸಪ್ಪಳ ಭಾಳ."

"ಸಪ್ಪಳಕ್ಕ ಬಡ್ಡಿ ಇಲ್ಲಲ್ರಿ. ಮನಿಗಿ ನಡೀರಿ."

ಹೀಗೆ ನಡೆದಿರುವಾಗ ನನ್ನ ತಮ್ಮ ಫೋನ್ ಮಾಡಿದ. ಆಲಮಟ್ಟಿ ಹಿನ್ನೀರಿಗೆ ಹೋಗುವ ಹೊಲಗಳಲ್ಲಿ ನಮ್ಮ ತವರಿನದೂ ಇತ್ತು. "ಅಕ್ಕಾ, ಪರಿಹಾರ ಬಂದೈತಿ. ನಿನಗೂ ಪಾಲು ಕೊಡ್ರಿ ಅಂತ ಅಪ್ಪ ಹೇಳಿ ಹೋಗ್ಯಾನ, ನಾವು ತಪ್ಪಸಂಗಿಲ್ಲ" ಎಂದ. ಆ ರೊಕ್ಕದಿಂದ ಒಂದೇ ಮುಂಜಾನೆ ನನ್ನ ಸಾಲವೆಲ್ಲ ಹರಿಯಿತು. ಬ್ಯಾಂಕಿನ ಮೆಟ್ಟಿಲಿಳಿಯುವಾಗ ಮೈ ಹಗುರಾಗಬೇಕಿತ್ತು, ಆಗಲಿಲ್ಲ. ಹೊಲದ ಎರಿ ಮಣ್ಣು ಮೆತ್ತಿದ ಕಾಲಲ್ಲಿ ಮನೆಗೆ ಬಂದು, ಬಾಗಿಲಲ್ಲೇ ನಿಂತು ನೀರು ಕೇಳುತ್ತಿದ್ದ ಅಪ್ಪ ನೆನಪಾದ. ಅವನು ಜೀವಮಾನವಿಡೀ ದುಡಿದ ಹೊಲವನ್ನು ನಾನು ಒಂದು ಸೋಫಾಕ್ಕೂ ನಾಲ್ಕು ಸೀರೆಗೂ ಕೊಟ್ಟು ಬಂದಿದ್ದೆ.

ಮುಂದಿನ ಭಾನುವಾರ ಇದನ್ನು ಹೇಳಬೇಕೆಂದೇ ಬಾಗೇವಾಡಿಗೆ ಹೋದೆ. ಸಿಂದಗಿಯವಳು ದೀಪಾವಳಿಗೆ ಮಗಳಿಗೂ ಹೊಸ ಬಟ್ಟೆ ತರದೆ ಕಂತು ಕಟ್ಟಿದ್ದಳು. ಗಿರಾಕಿಗಳ ಬ್ಲೌಸಿನಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಮಗಳಿಗೊಂದು ಲಂಗ ಹೊಲಿದಿದ್ದಳಂತೆ. ಆಮೇಲೆ ನನ್ನ ಸರದಿ. "ಕಟ್ಟೇನಿ" ಎಂದಷ್ಟೇ ಹೇಳಿದೆ. ಕಂಡಕ್ಟರ್ ಸೀಟಿ ಊದಿದ, ಅವಳು ನನ್ನ ಬೆನ್ನು ತಟ್ಟಿದಳು. ನಾನು ತಟ್ಟಿಸಿಕೊಂಡೆ.

ಅದಾದ ಮೇಲೆ ಅವಳ ಫೋನೆಂದರೆ ನನಗೆ ಅಂಜಿಕೆ ಶುರುವಾಯಿತು. ನನ್ನ ಖಾತೆಯಲ್ಲಿ ಪರಿಹಾರದ ರೊಕ್ಕ ಇನ್ನೂ ಸ್ವಲ್ಪ ಉಳಿದಿತ್ತು. ಹೇಗೋ ಅವಳಿಗೆ ಗೊತ್ತಾಗಿ ಕೇಳಿಬಿಟ್ಟರೆ? ಕೊಟ್ಟರೆ ನಾನೇ ಮಾಡಿಸಿದ ಕಟ್ಟಳೆ ಮುರಿಯುತ್ತದೆ, ಕೊಡದಿದ್ದರೆ ಕಲ್ಲು ಮನಸ್ಸಿನವಳಾಗುತ್ತೇನೆ. ಇಷ್ಟೆಲ್ಲ ಲೆಕ್ಕ ಹಾಕಿದ್ದು ಅವಳು ಏನೂ ಕೇಳುವ ಮೊದಲೇ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಸಲೈನ್ ಏರಿಸುತ್ತಿದ್ದಾಗ ಅವಳ ಫೋನ್ ಬಂತು. ಕೈಯಲ್ಲಿ ಕೆಲಸವಿತ್ತು, ನಿಜ. ಕೆಲಸ ಮುಗಿದು ಚಹಾ ಕುಡಿಯುತ್ತ ಕೂತಾಗ ಮತ್ತೆ ಬಂತು. ಪರದೆಯ ಮೇಲೆ ಅವಳ ಹೆಸರು ಹೊಳೆಯುವುದನ್ನು ನೋಡುತ್ತ ಕೂತೆ. ನಿಂತಿತು. ಸಂಜೆ ಮತ್ತೊಮ್ಮೆ. ಎತ್ತಲಿಲ್ಲ. ನಾಳೆ ಮಾತಾಡಿದರಾಯಿತು ಎಂದುಕೊಂಡೆ. ಮರುದಿನವೂ ಮಾಡಲಿಲ್ಲ, ಅದರ ಮರುದಿನವೂ ಇಲ್ಲ.

ಎರಡು ವಾರ ಕಳೆದ ಮೇಲೆ ಗುರುತಿಲ್ಲದ ನಂಬರಿನಿಂದ ನನ್ನ ಮೊಬೈಲಿಗೆ ಅವಳ ಫೋಟೋ ಬಂತು. ಅದರ ಮೇಲೆ ಕೆಂಪಕ್ಷರದಲ್ಲಿ "ಕಳ್ಳಿ" ಎಂದು ಬರೆದಿತ್ತು. ಕೆಳಗೆ, ಇವಳು ಸಾಲ ತಗೊಂಡು ಮೋಸ ಮಾಡಿದ್ದಾಳೆ, ಇವಳ ಬಳಗದವರು ನೀವು, ನೀವೇ ಕಟ್ಟಿಸಿ ಎಂದಿತ್ತು. ನಾನು ಕೂಡಲೇ ಫೋನ್ ಹಚ್ಚಿದೆ. ಅವಳ ಮೊಬೈಲ್ ಬಂದ್ ಆಗಿತ್ತು.

ಮರುದಿನ ರಜೆ ಹಾಕಿ ಸಿಂದಗಿಗೆ ಹೋದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವಳು ಕತ್ತರಿಸಿಟ್ಟ ಬಟ್ಟೆಗಳ ನಡುವೆ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಬರ್ರಿ ಅಕ್ಕಾರ," ಎಂದಳು. "ನಿಮಗೂ ಬಂತೇನು ನನ್ನ ಫೋಟೋ?"

ಮಷೀನಿನ ಮೋಟರ್ ಸುಟ್ಟುಹೋಗಿತ್ತಂತೆ. ಮುಂದೆ ಮದುವೆಯ ದಿನಗಳು, ಕೈತುಂಬ ಹೊಲಿಗೆ. ಮೊಬೈಲಿನಲ್ಲಿ ಕೇಳಿದ ತಕ್ಷಣ ಸಾಲ ಕೊಡುವ ಆ್ಯಪ್ ಒಂದಿದೆಯೆಂದು ಯಾರೋ ತೋರಿಸಿದ್ದರು. ತೆಗೆದುಕೊಂಡಳು. ವಾರ ತುಂಬುವುದರೊಳಗೆ ಅದು ದುಪ್ಪಟ್ಟಾಯಿತು. ಕಟ್ಟಿದಷ್ಟೂ ಮತ್ತೆ ಕೇಳಿದರು. ಕೊನೆಗೆ ಅವಳ ಮೊಬೈಲಿನಲ್ಲಿದ್ದ ನಂಬರುಗಳಿಗೆಲ್ಲ, ಗಿರಾಕಿಗಳಿಗೂ, ಫೋಟೋ ಕಳಿಸಿದ್ದರು. ಮುಂಜಾನೆಯಷ್ಟೇ ಒಬ್ಬಳು ಬಂದು, ಹೊಲಿಯದ ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಹೋಗಿದ್ದಳು.

"ನೀ ಆವತ್ತ ಫೋನ್ ಹಚ್ಚಿದ್ದಿ," ಎಂದೆ. "ನಾ ಎತ್ತಲಿಲ್ಲ. ನೀ ರೊಕ್ಕ ಕೇಳ್ತಿ ಅಂತ ಅಂಜಿದೆ."

ಹೊಲದ ವಿಷಯ, ಸಾಲ ಹರಿದ ವಿಷಯ, ಎಲ್ಲ ಹೇಳಿದೆ. ಅವಳು ಕೇಳುತ್ತ ಒಂದು ದಾರದ ಉಂಡೆಯನ್ನು ಬಿಚ್ಚುತ್ತ ಸುತ್ತುತ್ತ ಇದ್ದಳು.

"ನಾ ರೊಕ್ಕ ಕೇಳಾಕ ಹಚ್ಚಿದ್ದಿಲ್ರಿ ಅಕ್ಕಾರ," ಎಂದಳು ಕೊನೆಗೆ. "ಬ್ಯಾಡ ಅನ್ನಿಸ್ಕೊಳ್ಳಾಕ ಹಚ್ಚಿದ್ದೆ. ನನ್ನ ಮನಸಿಗೂ ಅದು ಬ್ಯಾಡ ಅಂತ ಇತ್ತು. ನೀವು ಒಂದ್ಸಲ ಅಂದಿದ್ರ ಸಾಕಾಗ್ತಿತ್ತು. ಬಾಡಿಗಿ ಮಷೀನ್ ತಂದು ಹೊಲೀತಿದ್ದೆ."

ನಾನು ಆ ಸಾಲ ಕಟ್ಟುತ್ತೇನೆಂದೆ. ಪರ್ಸಿಗೂ ಕೈ ಹಾಕಿದೆ. ಆಗ ಅವಳಿಗೆ ಸಿಟ್ಟು ಬಂತು.

"ಅದನ್ನ ಒಳಗ ಇಡ್ರಿ. ಒಬ್ಬರಿಗೊಬ್ಬರು ರೊಕ್ಕ ಕೊಡೂದಿದ್ರ ನಮಗ ಈ ಸಂಘ ಯಾಕ ಬೇಕಿತ್ರಿ?"

ಕಂಡಕ್ಟರನಿಗೆ ಹೇಳಿದೆ, ಅವನು ಡ್ಯೂಟಿ ಬದಲಿಸಿಕೊಂಡು ಬಂದ. ಮೂವರೂ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದೆವು. ಇನ್ನು ಒಂದು ಪೈಸೆಯೂ ಕಟ್ಟಬೇಡಿ, ಸಿಮ್ ಬದಲಿಸಿ ಎಂದರು ಅಲ್ಲಿದ್ದವರು. ಫೋಟೋಗಳು ಇನ್ನೂ ಕೆಲವು ದಿನ ಬಂದು ಆಮೇಲೆ ನಿಂತವು. ನಿಲ್ಲದೆ ಉಳಿದದ್ದು ಊರಿನ ಮಾತು. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ತಿರುಗಿ ಬಂದರು. ಅರ್ಧ ಜನ ಬರಲೇ ಇಲ್ಲ.

ಆ ತಿಂಗಳು ಸೇರುವ ಭಾನುವಾರ ಎಲ್ಲರ ಎದುರು ನಾನು ಹೇಳಬೇಕಾದ್ದನ್ನು ಹೇಳಿದೆ. ಕಂಡಕ್ಟರ್ ಕೈಯಲ್ಲಿದ್ದ ಸೀಟಿಯನ್ನು ಜೇಬಿಗಿಟ್ಟ. "ನಿಮ್ಮ ನಶೀಬ ಚಲೋ ಇತ್ತು ಬಿಡ್ರಿ ಸಿಸ್ಟರ್," ಎಂದ. ಅದರಲ್ಲಿ ಸಂತೋಷವೂ ಇರಲಿಲ್ಲ, ಕುಹಕವೂ ಇರಲಿಲ್ಲ, ದಣಿವಿತ್ತು. ನಾನು ಇನ್ನು ಬರುವುದಿಲ್ಲ ಎಂದೆ. ಸಾಲವಿಲ್ಲದವಳಿಗೆ ಇಲ್ಲೇನು ಕೆಲಸ?

"ಸಾಲ ತೀರಿದ ಮ್ಯಾಲ ಓಡಿ ಹೋಗೂದು ಭಾಳ ಸಸಾರ ಆತವಾ," ಎಂದರು ಮಾಸ್ತರರು. "ಕೂಡು. ಊಟ ಮಾಡು."

ಕೂತೆ. ಅಂದಿನಿಂದ ಪ್ರತಿ ತಿಂಗಳೂ ಹೋಗುತ್ತಿದ್ದೇನೆ. ಆದರೆ ಸಿಂದಗಿಯವಳು ಅಂದೇ ಜೋಡಿ ಬದಲಿಸಿಕೊಂಡಳು. ಅವಳು ಕಂಡಕ್ಟರನಿಗೆ ಫೋನ್ ಮಾಡುತ್ತಾಳೆ. ಅವನು ಬಸ್ಸಿನ ಗದ್ದಲದಲ್ಲೂ ಎತ್ತಿ "ಬ್ಯಾಡ ಬ್ಯಾಡ" ಎಂದು ಕೂಗುತ್ತಾನಂತೆ. ಪ್ರಯಾಣಿಕರು ತಮಗೇ ಹೇಳಿದನೆಂದು ಕಕ್ಕಾಬಿಕ್ಕಿಯಾಗುತ್ತಾರಂತೆ. ಅದನ್ನು ಕೇಳಿ ಎಲ್ಲರೂ ನಗುವಾಗ ನಾನೂ ನಗುತ್ತೇನೆ, ಒಳಗೆ ಚುರ್ ಅನ್ನುತ್ತದೆ.

ಈ ವರ್ಷ ಅವಳ ಸಾಲ ಮುಗಿಯಿತು. ಗಂಡನ ಔಷಧಿಗೆ ಮಾಡಿದ್ದು ಪೂರ್ತಿ ತೀರಿತು, ಸೂಜಿಯಿಂದಲೇ ತೀರಿಸಿದಳು. ನಮ್ಮನ್ನೆಲ್ಲ ಸಿಂದಗಿಗೆ ಕರೆದು ಹೋಳಿಗೆ ಮಾಡಿದಳು. ಊಟಕ್ಕೆ ಕೂತಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು.

"ಅಕ್ಕಾರ, ನನ್ನ ಸಿಟ್ಟು ಪೂರಾ ಹೋಗೈತಿ ಅಂತ ಸುಳ್ಳು ಹೇಳಂಗಿಲ್ರಿ. ಸ್ವಲ್ಪ ಉಳದೈತಿ."

"ಇರಲಿ," ಎಂದೆ. "ಇರಬೇಕು."

"ಆದ್ರೂ ನೀವು ಬರೂದು ಬಿಡಬ್ಯಾಡ್ರಿ."

"ಬರ್ತೇನಿ."

ಅವಳು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪದ ಬಟ್ಟಲು ಹಿಡಿದು ಮಾಸ್ತರರ ಕಡೆಗೆ ಹೋದಳು.