ಶಿವರಾಮನಿಗೆ ಬೆಂಕಿ ಕೊಟ್ಟವರು

ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಮುಂದೆ ಹೋಗಲು ದ್ವಾರಕನಾಥರಿಗೆ ಬರುತ್ತಿರಲಿಲ್ಲ. ಲಿಫ್ಟಿನಲ್ಲಿ ಅಂಟಿಸಿದ ನೀರಿನ ಟ್ಯಾಂಕಿನ ನೋಟಿಸು, ತಿಂಡಿ ಮಳಿಗೆಗಳ ಹಾಕರ್ ಸೆಂಟರಿನ ಗೋಡೆಯ ಲೈಸೆನ್ಸು, ಮಾತ್ರೆ ಡಬ್ಬಿಯೊಳಗೆ ಮಡಿಚಿಟ್ಟ ಚೀಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಹೊಟ್ಟೆಪಾಡೂ ಅಂಥದ್ದೇ. ಮೈಸೂರಿನಿಂದ ಸಿಂಗಪುರಕ್ಕೆ ಬಂದ ಹದಿನೇಳು ವರ್ಷದಿಂದ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದರು.

"ಅಪ್ಪ ಮೆನು ಕಾರ್ಡಲ್ಲೂ ಬಗ್ ಹುಡುಕ್ತಾರೆ ಲಾ," ಎಂದು ಮಗಳು ವರ್ಣಿಕಾ ಗೆಳತಿಯರ ಮುಂದೆ ಆಡಿಕೊಳ್ಳುವಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಅವರಿಗೆ ಸಿಕ್ಕಿದ್ದು ಓದಿ ಮುಗಿಯದ ಗೋಡೆ.

ವುಡ್‌ಲ್ಯಾಂಡ್ಸಿನ ಅವರದೇ ಬ್ಲಾಕಿನಲ್ಲಿದ್ದ ಅನಘಾಳ ಮನೆಗೆ ಅವಳ ತಾಯಿ ಶಕುಂತಲಾ ಮೈಸೂರಿನಿಂದ ಬಂದಿದ್ದರು. ಎಪ್ಪತ್ತಮೂರು ವರ್ಷ. ಸಂಜೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಒಂದು ದಿನ ದ್ವಾರಕನಾಥರನ್ನು ತಡೆದು ಕೇಳಿದರು.

"ಏನಪ್ಪಾ, ಕ್ರಾಂಜಿಯಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ್ದಾರಂತೆ. ನೀನು ಎಲ್ಲಾನೂ ಓದ್ತೀಯಂತೆ. ನಮ್ಮಪ್ಪ ಇದ್ದಾರಾ ನೋಡ್ತೀಯಾ?"

ಅಪ್ಪ ಶಿವರಾಮ್, ಮೈಸೂರು ಸೈನ್ಯದ ಸಿಪಾಯಿ. ಹಡಗು ಹತ್ತಿದಾಗ ಶಕುಂತಲಾ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ನಲವತ್ತೆರಡರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈಗೆ ಬಿತ್ತು. ಕೆಲವು ತಿಂಗಳ ಮೇಲೆ ಬಂದ ಒಂದು ಕಾಗದವನ್ನು ಬೀದಿಯ ಮೇಷ್ಟ್ರು ಓದಿ ಹೇಳಿದರು: ಕಾಣೆಯಾಗಿದ್ದಾರೆ. ತಾಯಿ ಸೀತಾಬಾಯಿ ಕೂಸನ್ನೆತ್ತಿಕೊಂಡು ತವರಿಗೆ ಹೋದಳು. ಆಮೇಲೆ ಬೇರೆ ಕಾಗದ ಬಂತೋ ಇಲ್ಲವೋ, ಹಳೆಯ ಮನೆಯಲ್ಲಿ ಯಾರೂ ಇರಲಿಲ್ಲ.

"ಕಾಣೆಯಾದವರು ಸತ್ತವರಲ್ಲ ಅನ್ನೋಳು ಅಮ್ಮ. ಮಹಾಲಯ ಅಮಾವಾಸ್ಯೆಗೆ ಚಿಕ್ಕಪ್ಪನ ಮನೆಗೆ ಹೋದ್ರೆ, ಅವರು ಹಿರಿಯರ ಹೆಸರು ಹೇಳಿ ಎಳ್ಳುನೀರು ಬಿಡೋವಾಗ ಬಾಗಿಲಲ್ಲಿ ನಿಂತಿರೋಳು. ಅಪ್ಪನ ಹೆಸರು ಬಾಯಿಗೆ ಬಂದ್ರೆ ತಂಬಿಗೆ ಕಿತ್ಕೊಳ್ಳೋಳು. ಎಪ್ಪತ್ತೊಂಬತ್ತರಲ್ಲಿ ಹೋದ್ಲು, ಹಣೆಯಲ್ಲಿ ಕುಂಕುಮ ಇತ್ತು." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಸತ್ರು ಅನ್ನೋದು ನಂಗೆ ಗೊತ್ತು ಕಣಪ್ಪಾ. ಬೆಂಕಿ ಸಿಕ್ತೋ, ಇಲ್ಲಾ ಯಾವುದಾದ್ರೂ ಚರಂಡೀಲಿ ಹಾಗೇ ಬಿದ್ದಿದ್ರೋ, ಅಷ್ಟು ಗೊತ್ತಾದ್ರೆ ಸಾಕು."

ಅವರ ವೀಸಾ ಮುಗಿಯಲು ಐದು ವಾರವಿತ್ತು.

ದ್ವಾರಕನಾಥರು ತಮ್ಮ ಕೆಲಸದ ಕ್ರಮದಲ್ಲೇ ಹೊರಟರು. ಕ್ರಾಂಜಿಯ ಗುಡ್ಡದ ಮೇಲೆ ದೇಹ ಸಿಗದವರ ಹೆಸರು ಹೊತ್ತ ಎತ್ತರದ ಗೋಡೆಯಂಥ ಕಲ್ಲುಕಂಬಗಳ ಸಾಲುಗಳಿವೆ, ಇಪ್ಪತ್ತು ಸಾವಿರಕ್ಕೂ ಮೇಲೆ ಹೆಸರು. ಶನಿವಾರಕ್ಕಿಷ್ಟು ಎಂದು ಭಾಗ ಮಾಡಿದರು, ಓದಿದ ಕಂಬಕ್ಕೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರು. ಶಿವರಾಮ್ ಎಂದು ಕಂಡಾಗಲೆಲ್ಲ ಬಾಗಿಲ ಬಳಿಯ ಪೆಟ್ಟಿಗೆಯಲ್ಲಿರುವ ರಿಜಿಸ್ಟರಿಗೆ ಓಡುವರು. ಅದರಲ್ಲಿ ತಂದೆ ಯಾರು, ಹೆಂಡತಿ ಯಾರು, ಯಾವ ಊರು ಎಂದು ಬರೆದಿರುತ್ತದೆ. ಹನ್ನೊಂದು ಶಿವರಾಮರು ಸಿಕ್ಕರು. ಒಬ್ಬನ ಹೆಂಡತಿಯೂ ಸೀತಾಬಾಯಿಯಲ್ಲ.

ಓದುತ್ತಾ ಓದುತ್ತಾ ಅವರಿಗೆ ಬೇರೆ ಕುತೂಹಲಗಳು ಹುಟ್ಟಿದವು. ಒಂದೇ ಹಳ್ಳಿಯ ನಾಲ್ವರು ಒಂದೇ ದಿನ ಹೇಗೆ ಹೋದರು? ಈ ಅಡುಗೆಯವನಿಗೆ ಬಂದೂಕು ಹಿಡಿಯಲು ಬರುತ್ತಿತ್ತೇ? ಹದಿನೇಳು ವರ್ಷ ಇದೇ ರಸ್ತೆಯ ಬಸ್ಸಿನಲ್ಲಿ ಗಡಿಯಾಚೆಯ ಜೊಹೊರಿಗೆ ತರಕಾರಿ ತರಲು ಹೋಗಿದ್ದರು. ಒಮ್ಮೆಯೂ ಇಳಿದಿರಲಿಲ್ಲ.

ಐದನೆಯ ಶನಿವಾರ ಶಕುಂತಲಮ್ಮನೂ ಬಂದರು. ಮರುದಿನವೇ ಅವರ ವಿಮಾನ. ಎರಡೂ ಕಡೆ ಬಿಳಿಯ ಗೋರಿಕಲ್ಲುಗಳು. ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಗೋಡೆಯ ನೆರಳಿನಲ್ಲಿ ಕೂತು ಸುಧಾರಿಸಿಕೊಂಡರು.

"ಕೆಳಗಿರೋರೆಲ್ಲ ಹೂತವರಾ?"

"ಹೌದಮ್ಮಾ."

"ಈ ಗೋಡೇಲಿರೋರು?"

"ದೇಹ ಸಿಗದೇ ಇದ್ದವರು."

"ಹಾಗಾದ್ರೆ ಸುಟ್ಟವರನ್ನ ಎಲ್ಲಿ ಬರೆದಿದ್ದಾರೆ?" ಶಕುಂತಲಮ್ಮ ತಲೆಯೆತ್ತಿದರು. "ನಮ್ಮವರನ್ನ ಸುಡ್ತಾರಲ್ಲ?"

ದ್ವಾರಕನಾಥರ ಕಿವಿ ಬಿಸಿಯಾಯಿತು. ಕೈಕೆಳಗಿನವರಿಗೆ ಅವರು ದಿನಾ ಹೇಳುವ ಮಾತೊಂದಿತ್ತು: ಯಾರೋ ಹೇಳಿದ್ದನ್ನು ನಂಬಿಕೊಂಡು ಟೆಸ್ಟ್ ಶುರು ಮಾಡಬೇಡಿ. ತಾವು ಮಾತ್ರ ಎಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರು ಓದಿದ ಒಂದು ಪದವನ್ನು ನಂಬಿ, ಕಾಣೆಯಾದವರ ಗೋಡೆಯನ್ನಷ್ಟೇ ಓದಿದ್ದರು. ಮನೆಯಲ್ಲಿ ಕಂಪ್ಯೂಟರಿನಲ್ಲಿ ಹುಡುಕುವಾಗಲೂ ಆ ಪಟ್ಟಿಯೊಂದನ್ನೇ ಆರಿಸಿಕೊಂಡಿದ್ದರು. ಆ ಹೊತ್ತಿಗೆ ಕಾಣೆಯಾದವನು ಆಮೇಲೆ ಸಿಕ್ಕಿರಬಹುದಲ್ಲ, ಸೆರೆಯಲ್ಲಿ ಬದುಕಿದ್ದಿರಬಹುದಲ್ಲ ಎಂದು ಹೊಳೆದಿರಲೇ ಇಲ್ಲ.

"ಒಂದ್ನಿಮಿಷ ಅಮ್ಮಾ," ಎಂದು ಮೆಟ್ಟಿಲಿಳಿದು ಓಡಿದರು.

ರಿಜಿಸ್ಟರುಗಳ ನಡುವೆ, ದಹನವಾದವರದೆಂದು ಒಂದು ತೆಳ್ಳನೆಯ ಪುಸ್ತಕವಿತ್ತು. ಬೆರಳಿಟ್ಟು ಓದಿದರು. ಶಿವರಾಮ್, ಸಿಪಾಯಿ. ಸಾವಿರದ ಒಂಬೈನೂರ ನಲವತ್ತಮೂರು, ಜೂನ್ ಒಂಬತ್ತು. ಸೀತಾಬಾಯಿಯ ಗಂಡ, ಮೈಸೂರು.

ಪುಸ್ತಕವನ್ನು ಎದೆಗವಚಿಕೊಂಡೇ ಮೇಲೆ ಬಂದರು. ಓದಿ ಹೇಳಿದರು.

ಶಕುಂತಲಮ್ಮ ಅಳಲಿಲ್ಲ. "ಅಮ್ಮನ ಹೆಸರೂ ಬರೆದಿದ್ದಾರಾ? ತೋರಿಸು," ಎಂದರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದಿದರು. "ಒಂದು ವರ್ಷ ಬದುಕಿದ್ರು ಹಾಗಾದ್ರೆ. ಅಮ್ಮ ಮೂವತ್ತೇಳು ವರ್ಷ ಕಾದ್ಲು." ಪುಸ್ತಕವನ್ನು ವಾಪಸು ಕೊಟ್ಟರು. "ಗೊತ್ತಾಗದೇ ಇದ್ದಿದ್ದೇ ಒಳ್ಳೇದಾಯ್ತೇನೋ. ಹೂ ಮುಡ್ಕೊಂಡು ಹೋದ್ಲು."

ದಹನವಾದವರ ಕಲ್ಲು ಗೋಡೆಯ ಹಿಂದೆಯೇ ಇತ್ತು. ನಾಲ್ಕು ಶನಿವಾರ ದ್ವಾರಕನಾಥರು ಅದರಿಂದ ಕೂಗಳತೆಯಲ್ಲೇ ಓಡಾಡಿದ್ದರು. ಶಕುಂತಲಮ್ಮ ತಂದೆಯ ಹೆಸರಿನ ಮೇಲೆ ಅಂಗೈಯಿಟ್ಟರು. ಬಿಸಿಲಿಗೆ ಕಲ್ಲು ಕಾದಿತ್ತು, ಆದರೂ ತೆಗೆಯಲಿಲ್ಲ.

"ಯಾರು ಕೊಳ್ಳಿ ಇಟ್ಟಿರಬೋದು? ಮಗ ಇರಲಿಲ್ಲ, ತಮ್ಮ ಊರಲ್ಲಿದ್ರು."

"ಗೊತ್ತಿಲ್ಲಮ್ಮಾ. ಅದನ್ನ ಬರೆಯೋದಿಲ್ಲ."

"ಜೊತೇಲಿ ಸೆರೆಯಲ್ಲಿದ್ದವನು ಯಾರೋ ಇಟ್ಟಿರ್ತಾನೆ. ಅವನೂ ಆಮೇಲೆ ಹೋಗಿದ್ರೆ ಇದೇ ಕಲ್ಲಲ್ಲಿ ಇರ್ತಾನಲ್ವಾ?" ಅಂಗೈ ಪಕ್ಕದ ಹೆಸರಿಗೆ ಸರಿಯಿತು. "ಇವನ್ಯಾರು?"

ದ್ವಾರಕನಾಥರು ಓದಿದರು.

"ಯಾವೂರು?"

ಅವರು ಪುಸ್ತಕದ ಹಾಳೆ ತಿರುವಿ ಊರು ಹೇಳಿದರು. ಪಂಜಾಬಿನದು.

"ಹೆಂಡತಿ ಇದ್ಲಾ?"

ಇದ್ದಳು. ಆ ಹೆಸರನ್ನೂ ಹೇಳಿದರು. ಶಕುಂತಲಮ್ಮ ತಲೆಯಾಡಿಸಿ ಅದನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡರು. ಅಂಗೈ ಮುಂದಿನ ಹೆಸರಿಗೆ ಹೋಯಿತು.